ನಾನು ನುಣುಪು ಮಾಡಿದ ಅಣೆ

ರಸಮಟ್ಟವನ್ನು ಅಣೆಯ ಮೇಲೆ ಎಲ್ಲಿಟ್ಟರೂ ಗುಳ್ಳೆ ಗೆರೆಗಳ ನಡುವೆಯೇ ನಿಲ್ಲುತ್ತಿತ್ತು. ಈ ದಡದಿಂದ ಆ ದಡದವರೆಗೆ ಕೂದಲೆಳೆಯಷ್ಟೂ ಏರುತಗ್ಗಿಲ್ಲ. ಕೆಲಸ ಮುಗಿದ ಮೇಲೂ ಬರೀ ಆ ಗುಳ್ಳೆಯನ್ನು ನೋಡುವುದಕ್ಕೆಂದೇ ಮಟ್ಟವನ್ನು ಕಂಕುಳಲ್ಲಿ ಇಟ್ಟುಕೊಂಡು ನಾಲ್ಕಾರು ಸಲ ಅದರ ಮೇಲೆ ಓಡಾಡಿದ್ದೇನೆ. ಈಗ ಹೇಳಿಕೊಳ್ಳುವುದಕ್ಕೆ ನಾಚಿಕೆ. ಆಗ ನಾಚಿಕೆಯೆಂಬುದು ನನ್ನ ಹತ್ತಿರ ಸುಳಿಯುತ್ತಿರಲಿಲ್ಲ.

ನಂಜನಗೂಡು ದಾಟಿದ ಮೇಲೆ ಕಪಿಲೆಗೆ ಅಡ್ಡಲಾಗಿ ಹಿಂದಿನವರು ಕಟ್ಟಿದ್ದ ಹಳೆಯ ಅಣೆ ಅದು. ಗುಂಡುಕಲ್ಲುಗಳನ್ನು ಒಟ್ಟಿದ್ದರು, ಅಷ್ಟೆ. ಎಲ್ಲಿ ನೋಡಿದರೂ ಸಂದು, ಎಲ್ಲಿ ನೋಡಿದರೂ ಸೋರಿಕೆ. ಅದನ್ನು ದುರಸ್ತಿ ಮಾಡಿಸುವ ಕೆಲಸ ಓವರ್ಸಿಯರ್ ಆಗಿದ್ದ ನನ್ನ ಪಾಲಿಗೆ ಬಂತು. ಬನ್ನೂರಿನ ಕಡೆಯಿಂದ ಕಲ್ಲುಕೆಲಸದವರನ್ನು ಕರೆಸಿದೆ. ಹಳೆಯ ಒಡ್ಡಿನ ಮೇಲೆ ಉಳಿಯಿಂದ ನಯಮಾಡಿದ ಚಪ್ಪಡಿಗಳನ್ನು ಗಾರೆ ಹಾಕಿ ಸಾಲಾಗಿ ಕೂರಿಸಿ, ನೀರು ಬೀಳುವ ಕಡೆಗೆ ಅಂಚನ್ನು ಒಂದು ಗೇಣು ಮುಂದಕ್ಕೆ ಚಾಚಿಸಿದೆ. ನೀರು ಗೋಡೆಗೆ ತಾಗದೆ ದೂರ ಬೀಳಲಿ, ಗೋಡೆ ಉಳಿಯಲಿ ಎಂಬ ಲೆಕ್ಕಾಚಾರ. ಆ ವರ್ಷದ ಪ್ರವಾಹ ಅಣೆಯನ್ನು ಪೂರ್ತಿ ಮುಳುಗಿಸಿಕೊಂಡು ಹೋಯಿತು. ಒಂದು ಚಪ್ಪಡಿಯೂ ಕದಲಲಿಲ್ಲ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ದಂಡೆಯ ಮೇಲೆ ಇಪ್ಪತ್ತು ಮನೆಗಳ ಒಂದು ಪಾಳ್ಯವಿತ್ತು. ನದಿಯ ನೀರು ಇಳಿಯುತ್ತಲೇ ಆ ಮನೆಗಳವರು ಅಣೆಯ ನೆತ್ತಿಯ ಮೇಲೆ ಕಲ್ಲು ಜೋಡಿಸುವುದು ತಲೆತಲಾಂತರದ ಪದ್ಧತಿ. ಒಂದೊಂದು ಮನೆಗೆ ಇಷ್ಟಿಷ್ಟು ಮಾರು ಎಂದು ಪಾಲು. ಸಂದಿಗೆ ಹುಲ್ಲು, ಮಣ್ಣು ಮೆತ್ತುತ್ತಿದ್ದರು. ಹಾಗೆ ಮಾಡಿದರೆ ನೀರು ಮೊಣಕಾಲುದ್ದ ಮೇಲೇರಿ ನಾಲೆಗೆ ತಿರುಗುತ್ತಿತ್ತು, ಗದ್ದೆಗಳಿಗೆ ಹೋಗುತ್ತಿತ್ತು. ನಾನು ಅಣೆಯನ್ನೇ ಅಷ್ಟು ಎತ್ತರಿಸಿದ್ದೆನಾದ್ದರಿಂದ ಇನ್ನು ಕಲ್ಲಿನ ಅಗತ್ಯವಿರಲಿಲ್ಲ. ಒಂದು ಕಲ್ಲನ್ನೂ ಇಡಕೂಡದೆಂದು ಡಂಗುರ ಹೊಡೆಸಿದ್ದೆ. ಆದರೂ ದಸರೆ ಕಳೆದು ನಾನು ಅಲ್ಲಿಗೆ ಹೋದಾಗ ಏನು ಕಂಡೆ? ನನ್ನ ನುಣುಪಾದ ಸಾಲಿನ ಮೇಲೆ ಉದ್ದಕ್ಕೂ ಕೆಸರು ಮೆತ್ತಿದ ಕಾಡುಗಲ್ಲುಗಳು!

ಮೈ ಉರಿದುಹೋಯಿತು. ನೀರಗಂಟಿಯನ್ನು ಕರೆಸಿದೆ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ನಲವತ್ತು ದಾಟಿದ, ಮಾತು ಕಡಿಮೆಯ ಆಳು.

“ಡಂಗುರ ಕಿವಿಗೆ ಬೀಳಲಿಲ್ಲವೇನಯ್ಯಾ?” ಎಂದೆ.

“ಬಿತ್ತು ಬುದ್ಧೀ. ಆದ್ರೂವೆ ಬೋಳಾಗಿ ಬುಡಬಾರ್ದು ಅಂತ ಇಟ್ಟೋ. ಬೋಳಾಗಿದ್ರೆ ನೀರು ಒದರ್ತದೆ, ಮೊನ್ನೆ ನೀರಿಳಿದಾಗ ಒದರಿತ್ತು.”

“ನೀರು ಬಿದ್ದರೆ ಸದ್ದಾಗದೆ ಸಂಗೀತ ಕೇಳಿಸುತ್ತದೆಯೇ? ಎಂಜಿನಿಯರ್ ಸಾಹೇಬರು ತನಿಖೆಗೆ ಬರುವವರಿದ್ದಾರೆ. ಸಂಜೆಯೊಳಗೆ ಎಲ್ಲ ತೆಗೆಸು. ನೀನೇ ಇಳಿದು ತೆಗೆ.”

ಅವನು ಪಾಳ್ಯದ ನಾಲ್ಕು ಜನರನ್ನು ಕರೆದುಕೊಂಡು ಹಾರೆ ಹಿಡಿದು ನೀರಿಗಿಳಿದ. ಚಪ್ಪಡಿಯ ಮೂಲೆ ಮುಕ್ಕಾದೀತು, ಹಾರೆಯನ್ನು ಹಗುರವಾಗಿ ಹಾಕಿ ಎಂದು ನಾನು ದಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂಗುತ್ತಲೇ ಇದ್ದೆ. ಕಲ್ಲಿನ ಮೇಲೆ ಅಷ್ಟು ಕಾಳಜಿ ನನಗೆ.

ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಕಲ್ಲುಗಳು ಹೋದವು. ನಾಲ್ಕು ಬೆರಳು ದಪ್ಪದ ನೀರು, ಇಸ್ತ್ರಿ ಮಾಡಿದ ಪಂಚೆಯ ಹಾಗೆ ಒಂದೇ ಸಮ ಅಂಚಿನಿಂದ ಇಳಿಯತೊಡಗಿತು. ನೋಡಲು ಕಣ್ಣಿಗೆ ಹಬ್ಬ. ಆಗಲೇ ಆ ಸದ್ದು ಶುರುವಾಯಿತು. ಭೋರ್ಗರೆತವಲ್ಲ ಅದು. ಕಿವಿಗಿಂತ ಮೊದಲು ಹೊಟ್ಟೆಗೆ ಗೊತ್ತಾಗುವಂಥ, ಬಿಡುವಿಲ್ಲದ ಗುಂಯ್ ಗುಂಯ್. ಕುರ್ಚಿಯ ಕೈ ನಡುಗುತ್ತಿತ್ತು. ಅಣೆಯ ಕೆಳಗಿನ ಹೊಸ ಕಲ್ಲುಹಾಸಿನ ಮೇಲೆ ನೀರು ಬೀಳುತ್ತಿದೆ, ಎರಡು ದಿನಕ್ಕೆ ಹದಕ್ಕೆ ಬರುತ್ತದೆ ಎಂದುಕೊಂಡು ಗಾಡಿ ಹತ್ತಿದೆ.

ಹದಕ್ಕೆ ಬರಲಿಲ್ಲ. ನಾಲ್ಕನೆಯ ದಿನ ಪಟೇಲರು ತಿರುಮಕೂಡಲು ನರಸೀಪುರದ ನನ್ನ ಬಿಡಾರಕ್ಕೆ ಬಂದರು. ಪಾಳ್ಯದಲ್ಲಿ ಕದಗಳು ತಾವಾಗಿಯೇ ಬಡಿದುಕೊಳ್ಳುತ್ತವಂತೆ, ಹಲಗೆಯ ಮೇಲಿನ ತಂಬಿಗೆಗಳು ಸರಿದು ಸರಿದು ಕೆಳಗೆ ಬೀಳುತ್ತವಂತೆ, ಹಸು ಕರುವಿಗೂ ಹಾಲು ಬಿಡುತ್ತಿಲ್ಲವಂತೆ. ನಾನು ಹೋಗಿ ಅಣೆಯ ಸಂದುಗಳನ್ನೆಲ್ಲ ಬೆರಳಾಡಿಸಿ ನೋಡಿದೆ. ಒಂದು ಬಿರುಕಿಲ್ಲ. ಬಿರುಕಿಲ್ಲದ ಮೇಲೆ ಇನ್ನೇನು ತೊಂದರೆ? ಕಟ್ಟಡ ಭದ್ರವಾಗಿದೆ, ಹೆದರಬೇಡಿ ಎಂದು ಹೇಳಿ ಬಂದುಬಿಟ್ಟೆ. ಅವರು ಹೆದರಿದ್ದು ಕಟ್ಟಡಕ್ಕಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಅದಾದ ಒಂದು ವಾರಕ್ಕೆ ನೀರಗಂಟಿಯ ಹೆಂಡತಿ ಬಂದಳು. ನರಸೀಪುರದ ಕಡೆ ಬರುತ್ತಿದ್ದ ಯಾವುದೋ ಹುಲ್ಲಿನ ಗಾಡಿಯಲ್ಲಿ ಕೂತು ಬಂದಿದ್ದಳು. ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು, “ಒಂದ್ ಗಳಿಗೆ ಬಂದು ನೋಡ್ಬುಡಿ ಬುದ್ಧೀ. ಅವ್ರು ನಿಮ್ಮನ್ನೇ ಕರ್ಕಂಬಾ ಅಂದವ್ರೆ,” ಎಂದಳು.

“ಏನಾಗಿದೆಯಮ್ಮಾ?”

“ದವಡೆ ಕಚ್ಕೊಬುಟ್ಟದೆ. ಗಂಜಿನೂ ಒಳಕ್ಕೆ ಓಗಕಿಲ್ಲ. ಕದ ಅಲ್ಲಾಡ್ತು ಅಂದ್ರೆ ಸಾಕು, ಬಿಲ್ಲಂಗೆ ಬಾಗ್ಬುಡ್ತಾರೆ.”

ಧನುರ್ವಾಯು. ನನ್ನ ಚಿಕ್ಕಪ್ಪನೊಬ್ಬ ಅದರಲ್ಲೇ ಹೋದವನು. ಆ ರೋಗದವರಿಗೆ ಸಣ್ಣ ಸದ್ದು, ಸಣ್ಣ ಅಲುಗಾಟ ಸಾಕು. ಮೈಯೆಲ್ಲ ಸೆಟೆದು ಬೆನ್ನು ನೆಲ ಬಿಟ್ಟು ಮೇಲೇಳುತ್ತದೆ. ಒಂದೊಂದು ಸೆಳೆತವೂ ಉಸಿರು ನಿಲ್ಲಿಸಿ ಬಿಡುವಂಥದು. ಮೇಜಿನ ಮೇಲಿದ್ದ ನಕಾಶೆಯನ್ನು ಹಾಗೇ ಬಿಟ್ಟು ಗಾಡಿ ಕಟ್ಟಿಸಿದೆ. ದಾರಿಯುದ್ದಕ್ಕೂ ಆಕೆಯನ್ನು ಏನೂ ಕೇಳುವ ಧೈರ್ಯ ನನಗೆ ಬರಲಿಲ್ಲ.

ಮಧ್ಯಾಹ್ನಕ್ಕೆ ತಲುಪಿದೆವು. ನಂಜನಗೂಡಿನ ಆಸ್ಪತ್ರೆಯ ಡಾಕ್ಟರು ನಮಗಿಂತ ಮುಂಚೆ ಬಂದಿದ್ದರು. ಮನೆಯನ್ನು ಕತ್ತಲು ಮಾಡಿ, ಕದಗಳ ಸಂದಿಗೆ ಬಟ್ಟೆ ತುರುಕಿ, ಪಾತ್ರೆಗಳನ್ನೆಲ್ಲ ಹಿತ್ತಲಲ್ಲಿ ಮಣ್ಣಿನ ಮೇಲೆ ಮಗುಚಿದ್ದರು. ಪಾಳ್ಯದ ನಾಯಿಗಳನ್ನು ಬೇರೆ ಊರಿಗೆ ಅಟ್ಟಿಬಂದಿದ್ದರಂತೆ. ಅಷ್ಟೆಲ್ಲ ಮಾಡಿಯೂ ಏನು ಬಂತು? ನೆಲವೇ ಗುಂಯ್‌ಗುಟ್ಟುತ್ತಿತ್ತು. ಗೋಡೆಗೆ ಅಂಗೈ ಇಟ್ಟೆ, ಗೋಡೆಯೂ ನಡುಗುತ್ತಿತ್ತು. ಗಾಳಿ ಬೀಸಿದಾಗ ಸದ್ದು ಒಂದು ಕ್ಷಣ ತಗ್ಗುತ್ತದೆ, ಮತ್ತೆ ಏರುತ್ತದೆ. ಏರಿದಾಗಲೆಲ್ಲ ಚಾಪೆಯ ಮೇಲಿದ್ದ ಆ ಮನುಷ್ಯನ ಬೆನ್ನು ಎದ್ದು ನಿಲ್ಲುತ್ತಿತ್ತು. ಮುಖದಲ್ಲಿ ನಗುವಿನ ಹಾಗೆ ಕಾಣುವ ಆ ಸೆಳೆತವಿದೆಯಲ್ಲ, ಅದನ್ನು ನೋಡಿ ನಾನು ಹೊರಗೆ ಬಂದುಬಿಟ್ಟೆ.

ಡಾಕ್ಟರು ಹಿಂದೆಯೇ ಬಂದು ತಗ್ಗಿದ ದನಿಯಲ್ಲಿ ಹೇಳಿದರು. “ನಿದ್ದೆಗೆ ಔಷಧಿ ಕೊಟ್ಟಿದ್ದೇನೆ ಓವರ್ಸಿಯರ್ ಅವರೇ. ಈ ಗದ್ದಲದಲ್ಲಿ ಅದು ಹತ್ತುವುದಿಲ್ಲ. ನಿಶ್ಶಬ್ದ ಸಿಕ್ಕಿದರೆ ಬದುಕುವ ಆಸೆಯಿದೆ, ಗಟ್ಟಿ ಆಳು.”

“ಗಾಡಿಯಲ್ಲಿ ಬೇರೆ ಕಡೆಗೆ ಸಾಗಿಸೋಣವೇ?”

“ಗಾಡಿ ಕುಲುಕಿದರೆ ಊರಾಚೆ ಹೋಗುವುದರೊಳಗೆ ಮುಗಿಯುತ್ತದೆ. ಹೀಗೇ ಇದ್ದರೆ ಎರಡು ದಿನ. ಅಷ್ಟೇ.”

“ಗಾಯ ಎಲ್ಲಿ?” ಎಂದೆ. ಕೇಳುವಾಗಲೇ ನನಗೆ ಉತ್ತರ ಗೊತ್ತಿತ್ತೆಂದು ತೋರುತ್ತದೆ.

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಹೇಳಿದಳು: “ಬಲಗಾಲ್ ಬೆರ್ಳ್ ಸಂದೀಲಿ. ಅವತ್ತು ಕಲ್ಲು ತೆಗೀವಾಗ ಆರೆ ಜಾರ್ಬುಡ್ತು. ಅದ್ರಿಂದೇನೂ ಆಗಕಿಲ್ಲ ಅಂದ್ಕೊಂಡು ಸುಣ್ಣ ಮೆತ್ಕಂಡ್ ಮಲ್ಗಿದ್ರು.”

ಹಾರೆಯನ್ನು ಹಗುರವಾಗಿ ಹಾಕಿ ಎಂದು ನಾನು ಕೂಗುತ್ತಿದ್ದ ಹೊತ್ತಿನಲ್ಲೇ. ನನ್ನ ಚಪ್ಪಡಿ ಮುಕ್ಕಾಗದಿರಲೆಂದು ಅವನು ಹಾರೆಯನ್ನು ಓರೆ ಹಿಡಿದಿದ್ದ.

ಇಷ್ಟು ಕೇಳಿದ ಮೇಲೆ ನೇರವಾಗಿ ಹೋಗಿ ಕಲ್ಲುಗಳನ್ನು ಮತ್ತೆ ಇಡಿಸಿದೆ ಎಂದು ಬರೆಯುವ ಹಾಗಿದ್ದರೆ ಚೆನ್ನಾಗಿತ್ತು. ಹಾಗೆ ಮಾಡಲಿಲ್ಲ. ಆ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದೆ. ಕಲ್ಲಿಗೂ ಸದ್ದಿಗೂ ಏನು ಸಂಬಂಧವೆಂದು ನನ್ನ ಓದು ಕೇಳುತ್ತಿತ್ತು. ಸಾಹೇಬರು ಮೂರು ದಿನದಲ್ಲಿ ತನಿಖೆಗೆ ಬರುತ್ತಾರೆಂಬ ಕಾಗದ ಜೇಬಿನಲ್ಲಿತ್ತು. ಎರಡೂ ಸೇರಿ ನನ್ನ ಕೈ ಕಟ್ಟಿದ್ದವು.

ಮೊದಲು ತೂಬುಗಳನ್ನು ಪೂರ್ತಿ ಎತ್ತಿಸಿದೆ. ನಾಲೆಗೆ ಹೆಚ್ಚು ನೀರು ಹೋದರೆ ಅಣೆಯ ಮೇಲೆ ಕಡಿಮೆಯಾಗುತ್ತದೆ, ಕಡಿಮೆ ನೀರಿಗೆ ಕಡಿಮೆ ಸದ್ದು. ಯಾರಾದರೂ ಒಪ್ಪುವ ಮಾತು. ಒಂದು ಗಂಟೆಯಲ್ಲಿ ನೀರಿನ ದಪ್ಪ ನಾಲ್ಕು ಬೆರಳಿನಿಂದ ಎರಡೂವರೆಗೆ ಇಳಿಯಿತು. ಸದ್ದು ಇಳಿಯಲಿಲ್ಲ, ಹೆಚ್ಚಾಯಿತು! ಪಾಳ್ಯದಿಂದ ಒಬ್ಬ ಓಡಿಬಂದು ಕೈಮುಗಿದು ನಿಂತ. ಅವನೇನೂ ಹೇಳಬೇಕಾಗಿರಲಿಲ್ಲ. ತೂಬುಗಳನ್ನು ಇಳಿಸಿದೆ.

ಆಮೇಲೆ ನೀರು ಬೀಳುವ ಜಾಗಕ್ಕೆ ಕೈಹಾಕಿದೆ. ಕೆಳಗಿನ ಹಾಸುಗಲ್ಲಿನ ಮೇಲೆ ನೀರು ಅಪ್ಪಳಿಸುವುದೇ ಸದ್ದಿನ ಮೂಲವಾದರೆ ಅಲ್ಲಿ ಮೆತ್ತೆ ಹಾಸಿದರಾಯಿತು. ಹತ್ತು ಗಾಡಿ ಭತ್ತದ ಹುಲ್ಲನ್ನು ಕಟ್ಟುಕಟ್ಟಾಗಿ ಬಿಗಿದು, ಕಲ್ಲು ಕಟ್ಟಿ ಮುಳುಗಿಸಿದೆವು. ಜನ ತಮ್ಮ ದನಗಳ ಮೇವನ್ನು ತಂದು ನೀರಿಗೆ ಹಾಕಿದರು, ಒಬ್ಬರೂ ಗೊಣಗಲಿಲ್ಲ. ಬೀಳುವ ಸದ್ದು ನಿಜಕ್ಕೂ ಸತ್ತುಹೋಯಿತು. ಆದರೆ ಗುಂಯ್ ಎನ್ನುವುದು ಹಾಗೇ ಇತ್ತು. ಮೇಲಿನ ಸದ್ದು ಸರಿದ ಮೇಲೆ ಇನ್ನೂ ಬೋಳಾಗಿ, ಇನ್ನೂ ಕ್ರೂರವಾಗಿ ಕೇಳಿಸಿತು. ಹುಲ್ಲಿನ ಕಟ್ಟುಗಳು ಒಂದೊಂದಾಗಿ ಬಿಚ್ಚಿಕೊಂಡು ನರಸೀಪುರದ ಕಡೆಗೆ ತೇಲಿಹೋದವು. ಅಷ್ಟರಲ್ಲಿ ಕತ್ತಲಾಯಿತು.

ಮರುದಿನ ಬೆಳಗ್ಗೆ ಅಣೆಯ ತುದಿಯಲ್ಲಿ, ದಡದ ಗೋಡೆಗೆ ನೀರಿನ ಪರದೆ ಸೇರುವ ಮೂಲೆಯಲ್ಲಿ ಇಳಿದು ನಿಂತೆ. ಇನ್ನು ಏನು ಮಾಡಬೇಕೆಂದು ತೋಚದೆ ನಿಂತಿದ್ದೆ, ಅಷ್ಟೇ. ಆಸರೆಗೆಂದು ಗೋಡೆ ಹಿಡಿಯಲು ಹೋಗಿ ಕೈ ಪರದೆಯ ಹಿಂದಕ್ಕೆ ಹೋಯಿತು. ಅಲ್ಲಿ, ನೀರಿಗೂ ಗೋಡೆಗೂ ನಡುವಿನ ಟೊಳ್ಳಿನಲ್ಲಿ, ಗಾಳಿ ನನ್ನ ಅಂಗೈಗೆ ಒತ್ತುತ್ತಿತ್ತು, ಬಿಡುತ್ತಿತ್ತು. ಒತ್ತು, ಬಿಡು, ಒತ್ತು, ಬಿಡು. ಅದೇ ಲಯಕ್ಕೆ ನೀರಿನ ಪರದೆಯೂ ಮುಂದಕ್ಕೆ ಹಿಂದಕ್ಕೆ ತೊನೆಯುತ್ತಿರುವುದು ಆಗ ಕಣ್ಣಿಗೆ ಬಿತ್ತು. ಈ ದಡದಿಂದ ಆ ದಡದವರೆಗೆ ಎಲ್ಲೂ ಹರಿಯದ ಒಂದೇ ಪರದೆ. ಹಿಂದೆ ಸಿಕ್ಕಿಬಿದ್ದ ಗಾಳಿಗೆ ಹೊರಬರಲು ಒಂದು ಕಿಂಡಿಯೂ ಇಲ್ಲ. ತಮಟೆಗೆ ಚರ್ಮ ಬಿಗಿದ ಹಾಗೆ ನದಿಗೆ ನೀರನ್ನು ಬಿಗಿದಿದ್ದೆ ನಾನು. ಹಳೆಯ ಅಣೆಯ ಏರುತಗ್ಗಿನಲ್ಲಿ ನೀರು ನೂರು ಕಡೆ ಹರಿದು ಬೀಳುತ್ತಿತ್ತು, ಅದಕ್ಕೇ ಅದು ಎಂದೂ ಗುಂಯ್‌ಗುಟ್ಟಿರಲಿಲ್ಲ. ಈ ವರ್ಷ ನಾನು ತೆಗೆಸುವವರೆಗೆ ಕಲ್ಲುಗಳಿದ್ದಷ್ಟು ದಿನವೂ ಗುಂಯ್‌ಗುಟ್ಟಿರಲಿಲ್ಲ.

ಪಕ್ಕದಲ್ಲಿದ್ದವನ ಕೈಯಿಂದ ಹಾರೆ ಇಸಿದುಕೊಂಡು ಅಂಚಿನ ಮೇಲೆ ನೆಟ್ಟಗೆ ಹಿಡಿದೆ. ಪರದೆ ಅಲ್ಲಿ ಸೀಳಿತು. ಸೀಳಿನೊಳಗಿಂದ ತಣ್ಣನೆಯ ಗಾಳಿ ಮುಖಕ್ಕೆ ಬಂತು. ನಾನಿದ್ದ ಮೂಲೆಯಲ್ಲಿ ಸದ್ದು ತೊದಲಿತು. ಹಾರೆ ತೆಗೆದೆ, ಮತ್ತೆ ಹಿಡಿಯಿತು. ಮೂರು ಸಲ ಮಾಡಿ ನೋಡಿದೆ.

ದಡದಲ್ಲಿ ಪಾಳ್ಯದ ಗಂಡಸರೆಲ್ಲ ನಿಂತಿದ್ದರು. “ಕಲ್ಲು ತನ್ನಿ,” ಎಂದೆ. ಯಾರೂ ಅಲ್ಲಾಡಲಿಲ್ಲ.

ಪಟೇಲರು ಮೆಲ್ಲಗೆ ಕೇಳಿದರು: “ಅಣೆ ಮ್ಯಾಕೆ ಇಡಕ್ಕಾ ಬುದ್ಧೀ? ನೀವೇ ಯೋಳ್ತಾ ಇದೀರಾ?”

“ನಾನೇ ಹೇಳುತ್ತಿದ್ದೇನೆ ಕಣ್ರಯ್ಯಾ, ತನ್ನಿ!” ಎಂದು ಕಿರುಚಿ, ದಡದಲ್ಲಿ ರಾಶಿ ಬಿದ್ದಿದ್ದ ಅವರ ಕಲ್ಲುಗಳಲ್ಲಿ ಒಂದನ್ನು ನಾನೇ ಹೊತ್ತು ನೀರಿಗಿಳಿದೆ. ಆಗ ಎಲ್ಲರೂ ಇಳಿದರು.

ಮೊದಲ ಕಲ್ಲು ನಿಲ್ಲಲೇ ಇಲ್ಲ. ಇಟ್ಟ ಕೂಡಲೇ ನುಣುಪಿನ ಮೇಲೆ ಜಾರಿ ಕೆಳಗೆ ಬಿತ್ತು. ಎರಡನೆಯದೂ ಬಿತ್ತು. ಹುಲ್ಲು ಮಣ್ಣು ಮೆತ್ತಿ ಸಾಲು ಕಟ್ಟಬೇಕಾದರೆ ಎರಡು ದಿನ ಬೇಕು. ನಮ್ಮಲ್ಲಿ ಅಷ್ಟು ಹೊತ್ತಿರಲಿಲ್ಲ. ಉಳಿ ಸುತ್ತಿಗೆ ತಂದು ಚಪ್ಪಡಿಯಲ್ಲಿ ಗುಳಿ ಹೊಡೆಯೋಣವೆಂದರೆ ಸುತ್ತಿಗೆಯ ಏಟು ಆ ಮನೆಗೆ ಕೇಳಿಸುತ್ತದೆ. ಉಳಿದಿದ್ದು ಒಂದೇ ದಾರಿ: ಎರಡು ಚಪ್ಪಡಿಗಳ ನಡುವಿನ ಗಾರೆಯನ್ನು ಹಾರೆಯ ಮೊನೆಯಿಂದ ಸದ್ದಿಲ್ಲದೆ ಕೆರೆದು ತೆಗೆದು, ಆ ಸಂದಿಗೆ ಚಪ್ಪಟೆ ಕಲ್ಲನ್ನು ಲಂಬವಾಗಿ ಸಿಗಿಸುವುದು. ನನ್ನ ಕಣ್ಣೆದುರು ಅರೆಸಿದ ಗಾರೆ ಅದು. ಒಂದೊಂದು ಸಂದಿಗೂ ನಾನೇ ಬಗ್ಗಿ ಕರಣೆ ಆಡಿಸಿದ್ದೆ. ಹಾರೆಯನ್ನು ಮೊದಲು ನಾನೇ ಹಾಕಿದೆ. ಬೇರೆಯವರ ಕೈಯಲ್ಲಿ ಹಾಕಿಸಲು ಮನಸ್ಸು ಬರಲಿಲ್ಲ.

ಒಂದೊಂದು ಮಾರಿಗೆ ಒಂದೊಂದು ಕಲ್ಲು ಎಂದು ಗುರುತು ಹಾಕಿಕೊಟ್ಟೆ. ಮಾತಿಲ್ಲ, ಕೂಗಿಲ್ಲ. ಯಾರ ಪಾಲು ಎಲ್ಲಿ ಎಂದು ಅವರಿಗೆ ಗೊತ್ತಿತ್ತು. ತಮ್ಮ ತಮ್ಮ ಜಾಗಕ್ಕೆ ಹೋಗಿ ಬಗ್ಗಿದರು. ಆರು ಕಲ್ಲಾದಾಗ ಸದ್ದಿನ ದನಿ ಬದಲಾಯಿತು. ಹತ್ತಾದಾಗ ಬಿಟ್ಟು ಬಿಟ್ಟು ಬರತೊಡಗಿತು. ಅಣೆಯ ಅರ್ಧಕ್ಕಿಂತ ಸ್ವಲ್ಪ ಮುಂದೆ, ಒಂದು ಕಲ್ಲು ಸಿಗಿಸಿ ಕೈ ಬಿಟ್ಟದ್ದೇ ತಡ, ನಿಂತುಹೋಯಿತು. ಆಮೇಲೆ ನೀರಿನ ಸದ್ದು ಕೇಳಿಸಿತು. ನದಿ ಎಲ್ಲ ಕಡೆಯೂ ಮಾಡುವ ಸದ್ದು, ಅಷ್ಟೇ. ಸೊಂಟದವರೆಗೆ ನೆನೆದು ನಿಂತಿದ್ದ ನನಗೆ ಅಳು ಬಂತು, ಮುಖಕ್ಕೆ ನೀರು ಎರಚಿಕೊಂಡೆ. ಉಳಿದ ಕಲ್ಲುಗಳನ್ನೂ ಆ ದಡದವರೆಗೆ ಸಿಗಿಸಿಯೇ ಮೇಲೆ ಬಂದೆವು.

ಡಾಕ್ಟರು ಮನೆಯಿಂದ ಹೊರಗೆ ಬಂದು ತುಟಿಯ ಮೇಲೆ ಬೆರಳಿಟ್ಟರು. ನಿದ್ದೆ ಹತ್ತಿತ್ತು.

ಒಂದೇ ದಿನಕ್ಕೆ ಗುಣವಾಗುವ ರೋಗವಲ್ಲ ಅದು. ಸೆಳೆತಗಳು ದೂರ ದೂರವಾಗುತ್ತಾ ಹೋದವು. ಹೆಂಡತಿ ಹಲ್ಲಿನ ಸಂದಿಯಿಂದ ಹಾಲನ್ನು ಹನಿಹನಿಯಾಗಿ ಬಿಡುತ್ತಿದ್ದಳು. ಪಾಳ್ಯದವರು ಅಡಿಗೆಯನ್ನು ಊರಾಚೆ ತೋಪಿನಲ್ಲಿ ಮಾಡಿಕೊಂಡರು, ಒನಕೆ ಮುಟ್ಟಲಿಲ್ಲ. ಮೂರು ವಾರ ಹಾಗೆ ಕಳೆಯಿತು.

ಅಷ್ಟರಲ್ಲಿ ಮೈಸೂರಿನಿಂದ ಸಾಹೇಬರು ಬಂದು ಹೋದರು. ಹಲ್ಲು ಹಲ್ಲಾಗಿ ನಿಂತಿದ್ದ ಅಣೆಯನ್ನು ನೋಡಿ ಅವರ ಹುಬ್ಬು ಮೇಲೇರಿತು. ಗಾಳಿಯ ಸಂಗತಿಯನ್ನು ವಿವರಿಸಿದೆ. ಅವರು ಪರದೆಯ ಹಿಂದೆ ಕೈಯಿಟ್ಟು ನೋಡಿ, “ಹೀಗೇ ಇರಲಿ, ಕಲ್ಲುಗಳಿಗೆ ಗಾರೆ ಹಾಕಿ ಭದ್ರ ಮಾಡಿ. ಒಳ್ಳೆಯ ಶೋಧ ನಿಮ್ಮದು,” ಎಂದರು. ನಾನು ತಲೆಬಾಗಿ ಸ್ವೀಕರಿಸಿದೆ. ನೀರಗಂಟಿ ಮೊದಲೇ ಹೇಳಿದ್ದ ಮಾತು ಇದೆಂದು ಅವರಿಗೆ ತಿಳಿಸಲಿಲ್ಲ. ಅದನ್ನೂ ಬರೆದುಬಿಡುತ್ತೇನೆ.

ಅವನು ಎದ್ದು ಓಡಾಡುವಷ್ಟು ಆದನೆಂದು ಕೇಳಿ ಹೋದೆ. ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಅರ್ಧ ಆಳಾಗಿಹೋಗಿದ್ದ. ದವಡೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಮಾತು ಹಲ್ಲಿನ ನಡುವಿನಿಂದಲೇ ಬರುತ್ತಿತ್ತು. ನನ್ನನ್ನು ಕಂಡು ಏಳಲು ಹೋದ. ನಾನು ಅವನ ಪಕ್ಕದಲ್ಲೇ ಕೂತೆ.

“ನಿನ್ನ ಕಾಲಿಗೆ ಗಾಯವಾದದ್ದೂ ನನ್ನಿಂದ. ಸದ್ದು ಎದ್ದದ್ದೂ ನನ್ನಿಂದ,” ಎಂದೆ.

“ಗೊತ್ತು ಬುದ್ಧೀ,” ಎಂದ. ಕೋಪವೇನೂ ಇರಲಿಲ್ಲ ಅದರಲ್ಲಿ.

ಅಷ್ಟು ದಿನವೂ ನನ್ನನ್ನು ಕೊರೆಯುತ್ತಿದ್ದದ್ದನ್ನು ಕೇಳಿದೆ. ಕಲ್ಲಿಟ್ಟರೆ ಸದ್ದು ನಿಲ್ಲುತ್ತದೆಂದು ಇಡೀ ಪಾಳ್ಯಕ್ಕೆ ಗೊತ್ತಿತ್ತು. ನೀನು ಚಾಪೆ ಹಿಡಿದ ಮೇಲಾದರೂ ಅವರೇ ಇಟ್ಟುಬಿಡಬಹುದಾಗಿತ್ತಲ್ಲ, ನಾನೇನು ಅಲ್ಲಿ ಕಾವಲಿದ್ದೆನೇ?

“ಇಡ್ತೀವಿ ಅಂತ ಬಂದಿದ್ರು ಬುದ್ಧೀ. ದಡಕ್ಕೆ ಕಲ್ಲೂ ತಂದಾಕಿದ್ರು. ನಾನೇ ಬ್ಯಾಡ ಅಂದೆ.”

“ಯಾಕಯ್ಯಾ?”

ಅವನು ದವಡೆಯನ್ನು ಕೈಯಿಂದ ಒತ್ತಿ ಹಿಡಿದುಕೊಂಡು, ಒಂದೊಂದೇ ಮಾತಾಗಿ ಹೇಳಿದ. “ನೀವು ಬಂದು ತಿರ್ಗಾ ತೆಗ್ಸ್‌ಬುಡ್ತಿದ್ರಿ. ಆಮ್ಯಾಕೆ ಇನ್ನೊಬ್ಬನ ಕಾಲ್ ಮ್ಯಾಲೆ ಆರೆ ಬೀಳ್ತಿತ್ತು. ಅದ್ಕೇ ನಿಮ್ಮನ್ನೇ ಕರ್ಕಂಬಾ ಅಂದಿದ್ದು.”

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ತೆಗೆಸುತ್ತಿದ್ದೆ. ಅನುಮಾನವೇ ಇಲ್ಲ, ತೆಗೆಸುತ್ತಿದ್ದೆ.